ಆರು ಸೂತು

ಹೊರಡುವ ಮುಂಚೆ

ಮುಂಬಯಿಯಿಂದ ಬಂದವನನ್ನು ನಮ್ಮ ಹಾಸನದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸಮುದ್ರ ನೋಡಿದ್ರಾ ಮೇಷ್ಟ್ರೇ?" ನೋಡಲಿಲ್ಲ. ಮೂರು ದಿನಕ್ಕೆಂದು ಹೋದವನು ಒಂಬತ್ತು ದಿನ ಇದ್ದು ಬಂದೆ. ಸಮುದ್ರ ಯಾವ ದಿಕ್ಕಿಗಿದೆ ಎಂದು ಕೂಡ ವಿಚಾರಿಸಲಿಲ್ಲ. ಹಾಗಾದರೆ ಅಷ್ಟು ದಿನ ಏನು ಮಾಡಿದಿರಿ ಎಂದವರಿಗೆ ಇಲ್ಲಿಯವರೆಗೆ ಹಾರಿಕೆಯ ಮಾತು ಹೇಳಿ ತಪ್ಪಿಸಿಕೊಂಡಿದ್ದೇನೆ. ಇನ್ನು ಆಗುವುದಿಲ್ಲ, ಬರೆದೇ ಬಿಡುತ್ತೇನೆ. ಓದಿ ನಗಬೇಕೆನಿಸಿದರೆ ಧಾರಾಳವಾಗಿ ನಗಿ, ನನಗೆ ಅದು ಸಲ್ಲಬೇಕಾದ್ದೇ.

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ನಿವೃತ್ತನಾದ ಮೇಲೆ "ಬದುಕಿನ ಲೆಕ್ಕಗಳು" ಎಂಬ ಗೀಳು ಹತ್ತಿಸಿಕೊಂಡೆ. ಗಣಿತವನ್ನು ಸೂತ್ರದಿಂದಲ್ಲ, ಮಕ್ಕಳು ಕಣ್ಣಾರೆ ಕಾಣುವ ಸಂಗತಿಗಳಿಂದ ಕಲಿಸಬೇಕು ಎಂದು ಊರೂರಿಗೆ ಹೋಗಿ ಭಾಷಣ ಮಾಡಿದೆ. ಮಾವಿನಹಣ್ಣು, ನಲ್ಲಿ, ತೊಟ್ಟಿ, ಎದುರುಬದುರು ಬರುವ ರೈಲು, ಇವನ್ನೆಲ್ಲ ಸೇರಿಸಿ ಪುಸ್ತಕವನ್ನೂ ಮಾಡಿದೆ. ಅದನ್ನು ನೋಡಿಯೇ ಮುಂಬಯಿಯ ಒಂದು ಕನ್ನಡ ಸಂಘದವರು ಕರೆಸಿಕೊಂಡದ್ದು. ಭಾಂಡುಪಿನಲ್ಲಿ ಅವರದೊಂದು ಭಾನುವಾರದ ತರಗತಿ ಇದೆ. ಓದು ಅರ್ಧಕ್ಕೆ ಬಿಟ್ಟು ದುಡಿಮೆಗೆ ಇಳಿದವರು ಅಲ್ಲಿಗೆ ಬಂದು ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕಟ್ಟಲು ತಯಾರಾಗುತ್ತಾರೆ. "ಗಣಿತ ಅಂದ್ರೆ ಹೆದರಿ ಸಾಯ್ತಾರೆ ಮಾಸ್ಟ್ರೇ, ನೀವೊಮ್ಮೆ ಬಂದು ಭಯ ಬಿಡಿಸಿ" ಎಂದು ಆ ತರಗತಿ ನಡೆಸುವ ವಾರಿಜಕ್ಕ ಫೋನಿನಲ್ಲಿ ಹೇಳಿದ್ದರು. ಭಯ ಬಿಡಿಸಲೆಂದೇ ಹೋದೆ ನೋಡಿ!

ಮಾಟುಂಗ

ಶನಿವಾರ ಬಂದಿಳಿದೆ. ಉಳಿದುಕೊಳ್ಳಲು ಮಾಟುಂಗದಲ್ಲಿ ಒಂದು ಕೋಣೆ ಕೊಟ್ಟಿದ್ದರು. ಕೆಳಗೇ ಉಡುಪಿ ಹೋಟೆಲು. ಪರಸ್ಥಳವಲ್ಲವೇ ಎಂದು ಗಂಟಲು ಸರಿಮಾಡಿಕೊಂಡು, "ಭಯ್ಯಾ, ದೋ ಇಡ್ಲಿ ಔರ್ ಏಕ್ ಕಾಫಿ ದೇ ದೋನಾ" ಎಂದೆ. ಬಿಳಿ ಅಂಗಿಯ ಹಿರಿಯರು ಟೇಬಲ್ಲು ಒರೆಸುತ್ತಲೇ, "ಕನ್ನಡದಲ್ಲೇ ಹೇಳಿ ಸಾರ್. ನಿಮ್ಮ ಹಿಂದಿಯನ್ನು ನಾನು ಒಳಗೆ ಹೋಗಿ ಹೇಳಿದ್ರೆ ಬೇರೆಂತದೋ ಬರ್ತದೆ" ಎಂದರು. ಕುಂದಾಪುರದ ಕಡೆಯವರಂತೆ. ಪಕ್ಕದ ಟೇಬಲ್ಲಿನ ಅಜ್ಜಿಯೊಬ್ಬರು ತಮಿಳಿನಲ್ಲಿ ನಕ್ಕರು. ನಗುವಿಗೆ ಭಾಷೆ ಇರುವುದಿಲ್ಲ ಎನ್ನುವವರು ಆ ನಗುವನ್ನು ಕೇಳಿಲ್ಲ.

ಇಡ್ಲಿ ಮಾತ್ರ ನಮ್ಮೂರಿನದಕ್ಕಿಂತ ಚೆನ್ನಾಗಿತ್ತು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೂ ನಿಜ.

ಭಾಂಡುಪ್, ಮೊದಲ ಭಾನುವಾರ

ಲೋಕಲ್ ರೈಲಿನಲ್ಲಿ ಮೂವರು ಕೂರುವ ಸೀಟಿನಲ್ಲಿ ನಾಲ್ವರು ಕೂರುತ್ತಾರೆ. ನಾಲ್ಕನೆಯವರು ಬಂದು ಸುಮ್ಮನೆ ಒಂದು ಬೆರಳು ಆಡಿಸಿದರೆ ಸಾಕು, ಉಳಿದ ಮೂವರೂ ಮುಖ ಎತ್ತದೆ ಸರಿಯುತ್ತಾರೆ. ನಮ್ಮ ಕಡೆಯ ಬಸ್ಸಿನಲ್ಲಿ ಇಷ್ಟಕ್ಕೆ ಎರಡು ತಲೆಮಾರಿನ ಜಗಳವಾಗುತ್ತಿತ್ತು. ನಾನು ಹೀಗೆ ನಾಲ್ಕನೆಯವನಾಗಿ ಅರ್ಧ ಆಸನದ ಮೇಲೆ ಕೂತಿದ್ದಾಗ ಒಬ್ಬರು ಭುಜ ತಟ್ಟಿ, "ಭಾಂಡುಪ್ ಉತರ್‌ನಾ ಹೈ?" ಎಂದರು. ಭಾಂಡುಪ್ ಉತ್ತರಕ್ಕಿದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು, ತಿಳಿದವನ ಹಾಗೆ, "ನಹೀ ನಹೀ, ಪೂರ್ವ" ಎಂದೆ. ಅವರು ನನ್ನನ್ನೊಮ್ಮೆ ನೋಡಿ ದಾಟಿಕೊಂಡು ಮುಂದೆ ಹೋದರು. ಇಳಿಯುವುದಕ್ಕೆ ಉತರ್‌ನಾ ಎನ್ನುತ್ತಾರೆಂದು ಗೊತ್ತಾಗುವಷ್ಟರಲ್ಲಿ ಭಾಂಡುಪ್ ಹಿಂದೆ ಉಳಿದಿತ್ತು. ಮುಂದಿನ ನಾಹೂರಿನಲ್ಲಿ ಇಳಿದು ವಾಪಸು ಬಂದೆ. ಕೇಳಿದ ಮಾತನ್ನು ನನಗೆ ಬೇಕಾದಂತೆ ಅರ್ಥಮಾಡಿಕೊಳ್ಳುವ ಚಾಳಿ ಅವತ್ತು ಬೆಳಿಗ್ಗೆಯೇ ಶುರುವಾಗಿತ್ತು. ನನಗೆ ಬುದ್ಧಿ ಬರಲಿಲ್ಲ ಅಷ್ಟೇ.

ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ ತರಗತಿ. ಮೂವತ್ತು ಜನರಿದ್ದರು. ಹೆಚ್ಚಿನವರು ವಿಜಯಪುರ, ಗದಗ, ಕಲಬುರಗಿ ಕಡೆಯವರು. ಗೌಂಡಿ ಕೆಲಸದವರು, ಡ್ರೈವರುಗಳು, ಮನೆಗೆಲಸದ ಹೆಂಗಸರು. ವಾರಿಜಕ್ಕ ನನ್ನನ್ನು ಬದಿಗೆ ಕರೆದು ಹೇಳಿದರು: "ಪರೀಕ್ಷೆಯ ಫಾರ್ಮ್ ನಾಳೆ ಸಂಜೆ ಐದಕ್ಕೆ ಹೋಗಬೇಕು ಮಾಸ್ಟ್ರೇ. ಕಳೆದ ಸಲ ಹೆಸರು ಕೊಟ್ಟವರಲ್ಲಿ ಅರ್ಧ ಜನ ಪರೀಕ್ಷೆಗೇ ಹೋಗ್ಲಿಲ್ಲ. ಅದಕ್ಕೆ ಈ ಸಲ ನೀವೇ ಒಂದು ಟೆಸ್ಟ್ ಮಾಡಿ. ಐದರಲ್ಲಿ ಮೂರು ಸರಿ ಮಾಡಿದವರ ಪಟ್ಟಿ ಕೊಡಿ. ನೀವು ಬರೆದದ್ದೇ ಫೈನಲ್." ಆಮೇಲೆ ದನಿ ತಗ್ಗಿಸಿ, "ಆ ಕಿಟಕಿ ಹತ್ತಿರ ಕೂತದ್ದು ನಸೀಮಾ. ಕಾಂದಿವಲಿಯಿಂದ ಬರ್ತಾಳೆ. ಉಳಿದದ್ದೆಲ್ಲ ಪಾಸು, ಗಣಿತ ಒಂದೇ ಮೂರು ಸಲ ಹೋಗಿದೆ. ಅವಳಿಗೆ ಇದು ಆಗ್ಲೇಬೇಕು" ಎಂದರು.

ಮೊದಲು ಪಾಠ. ನಲ್ಲಿಯ ಲೆಕ್ಕದಿಂದ ಆರಂಭಿಸಿದೆ. ಒಂದು ನಲ್ಲಿ ತೊಟ್ಟಿಯನ್ನು ಮೂವತ್ತು ನಿಮಿಷದಲ್ಲಿ ತುಂಬಿಸುತ್ತದೆ. ಅಂಥದೇ ಎರಡು ನಲ್ಲಿ ಬಿಟ್ಟರೆ ಎಷ್ಟು ಹೊತ್ತು ಬೇಕು? ಮಲ್ಲಪ್ಪ ಎಂಬ ಗದಗಿನ ಬಡಗಿ, ಐವತ್ತರ ಹತ್ತಿರದವರು, ಎದ್ದು ನಿಂತು, "ಮೂವತ್ತ ಮಿನಿಟ್ ರೀ" ಎಂದರು.

"ಎರಡು ನಲ್ಲಿ ಇವೆಯಲ್ರೀ?"

"ಹೌದ್ರಿ ಸರ. ನಮ್ಮ ಚಾಳಿನಾಗ ಎರಡೂ ನಳ ಒಮ್ಮೆ ಬಿಟ್ರ ಪ್ರೆಶರ್ ಇಳೀತದ. ಬರೂ ನೀರು ಅಷ್ಟ."

"ಲೆಕ್ಕದಲ್ಲಿ ಹಾಗೆಲ್ಲ ಆಗಲ್ಲ, ಕೂತ್ಕೊಳ್ಳಿ" ಎಂದೆ. ಬದುಕಿನಿಂದ ಗಣಿತ ಕಲಿಸಲು ಹೋದವನ ಬಾಯಲ್ಲಿ ಬಂದ ಮಾತು ಇದು. ಮಲ್ಲಪ್ಪ ಪಾಪ, "ಹಂಗಾದ್ರ ಹದಿನೈದ್ರಿ" ಎಂದು ಕೂತರು.

ಊಟದ ನಂತರ ಟೆಸ್ಟು. ಬರೆದ ಹಾಳೆಗಳನ್ನು ಅಲ್ಲೇ, ಎಲ್ಲರ ಮುಂದೆ, ಕೆಂಪು ಪೆನ್ನಿನಲ್ಲಿ ತಿದ್ದತೊಡಗಿದೆ. ನಡುನಡುವೆ ಒಂದೊಂದು ತಮಾಷೆಯ ಉತ್ತರ ಗಟ್ಟಿಯಾಗಿ ಓದಿ ನಗಿಸುವುದು ನನ್ನ ಹಳೆಯ ಪದ್ಧತಿ. ಅದರಿಂದ ಭಯ ಹೋಗುತ್ತದೆ ಎಂದು ನಾನೇ ನನಗೆ ಹೇಳಿಕೊಂಡಿದ್ದೆ. ಯಾರ ಭಯ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ನಸೀಮಾ ಅವರ ಹಾಳೆ ಬಂತು. ಎರಡು ಸರಿ, ಎರಡು ತಪ್ಪು. ಐದನೆಯದು ಕಿಟಕಿಯ ಲೆಕ್ಕ: ಕಿಟಕಿಯ ಅಗಲ ನಲವತ್ತಾರು ಇಂಚು. ಒಂದೇ ಅಳತೆಯ ಎರಡು ಗಾಜನ್ನು ಪಕ್ಕಪಕ್ಕ ಕೂರಿಸಬೇಕು. ಒಂದು ಗಾಜಿನ ಅಗಲವೆಷ್ಟು? ನನ್ನ ಪುಸ್ತಕದ ಉತ್ತರ ಇಪ್ಪತ್ತಮೂರು ಇಂಚು. ಅವರು ಬರೆದದ್ದು, "ಇಪ್ಪತ್ತೆರಡು ಇಂಚು ಆರು ಸೂತು."

ಸೂತು! ಓಹೋ, ಸೋತು ಎಂದು ಬರೆಯಲು ಹೋಗಿ ತಪ್ಪಿದ್ದಾರೆ ಎಂದುಕೊಂಡೆ. ಕಾಗುಣಿತ ಬೇರೆ ತಪ್ಪು. ಕೆಂಪು ಪೆನ್ನಿನಲ್ಲಿ ಸೂ ತಿದ್ದಿ ಸೋ ಮಾಡಿದೆ. ಆಮೇಲೆ ಎದ್ದು ನಿಂತು ಓದಿದೆ: "ಇಪ್ಪತ್ತೆರಡು ಇಂಚು, ಆರು ಸೋತು! ಏನಮ್ಮಾ ನಸೀಮಾ, ಉತ್ತರ ಬರೀರಿ ಅಂದ್ರೆ ನಿಮ್ಮ ಪರೀಕ್ಷೆಯ ಚರಿತ್ರೆ ಬರೆದಿದ್ದೀರಲ್ಲ! ಮೂರು ಸಲ ಅಂತ ಕೇಳಿದ್ದೆ, ಆರು ಸಲವೋ?"

ತರಗತಿ ಗೊಳ್ಳೆಂದಿತು. ನಸೀಮಾ ಎದ್ದು ನಿಂತರು. ಮೂವತ್ತೈದರ ಆಸುಪಾಸಿನ ಹೆಂಗಸು, ತಲೆಯ ಮೇಲೆ ದುಪಟ್ಟಾ. "ಸರ, ಅದು ಸೂತು ರೀ..." ಎಂದರು.

"ಸೋತಿದ್ದು ಗೊತ್ತಾಯ್ತು ಬಿಡಿ, ಕೂತ್ಕೊಳ್ಳಿ" ಎಂದೆ.

ಮತ್ತೆ ನಗು. ಈ ಸಲ ಇನ್ನೂ ಜೋರು. ಅವರು ಕೂರಲಿಲ್ಲ. ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದರು. ನಾನು ಹದಿನಾಲ್ಕು ಜನರ ಪಟ್ಟಿ ಬರೆದು ಸಹಿ ಮಾಡಿದೆ. ಅದರಲ್ಲಿ ನಸೀಮಾ ಅವರ ಹೆಸರಿರಲಿಲ್ಲ.

ಅದೇ ಮಧ್ಯಾಹ್ನ, ಮೆಟ್ಟಿಲ ಮೇಲೆ

ಎಲ್ಲರೂ ಹೋದ ಮೇಲೆ ಮಲ್ಲಪ್ಪ ನನಗಾಗಿ ಕಾದು ನಿಂತಿದ್ದರು. ಪಟ್ಟಿಯಲ್ಲಿ ಅವರ ಹೆಸರಿತ್ತು, ಧನ್ಯವಾದ ಹೇಳಲು ಎಂದುಕೊಂಡೆ.

"ಸರ, ಸಿಟ್ಟಾಗಬ್ಯಾಡ್ರಿ. ಸೂತಂದ್ರ ಸೋಲೂದಲ್ರಿ. ಇಂಚಿನಾಗ ಎಂಟನೇ ಪಾಲಿಗೆ ಇಲ್ಲಿ ಸೂತು ಅಂತಾರ. ನಾವು ಬಡಿಗ್ಯಾರು, ಫ್ಯಾಬ್ರಿಕೇಶನ್ ಮಂದಿ, ಎಲ್ಲಾ ಸೂತಿನ ಮ್ಯಾಲ ಮಾತಾಡ್ತೀವಿ. ಆಕಿ ಖಿಡಕಿ ಮಾಡೂ ಕಾರ್ಖಾನ್ಯಾಗ ಅಳತಿ ಮಾಪು ತಗೋತಾಳ."

"ಹಾಗಾದ್ರೆ ಅಲ್ಲೇ ಹೇಳಬಾರದಿತ್ತೇನ್ರೀ?"

"ನೀವು ದೊಡ್ಡ ಮಾಸ್ತರು. ಎಲ್ಲಾರೂ ನಗಾಕತ್ತಿದ್ರು." ಮಲ್ಲಪ್ಪ ಚಪ್ಪಲಿ ನೋಡಿಕೊಂಡರು. "ಖರೇ ಹೇಳ್ತೀನ್ರಿ, ನಾನೂ ನಕ್ಕೆ."

ನಾನು ಆಗಲೇ ತಿರುಗಿ ಮೇಲೆ ಹೋಗಿ ಪಟ್ಟಿ ತಿದ್ದಬಹುದಿತ್ತು. ವಾರಿಜಕ್ಕ ಇನ್ನೂ ಮೇಲೇ ಇದ್ದರು. ನಾನೇನು ಹೇಳಿದೆ ಗೊತ್ತೇ? "ಇರಬಹುದು ಮಲ್ಲಪ್ಪ. ಆದ್ರೂ ನಲವತ್ತಾರರ ಅರ್ಧ ಇಪ್ಪತ್ತಮೂರೇ ಅಲ್ವಾ?" ಎಂದು ಹೇಳಿ ಮೆಟ್ಟಿಲಿಳಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತಿದೆ.

ಅರ್ಧ ದಾರಿಯಲ್ಲಿ, ಲೋಕಲ್ಲಿನ ಹಿಡಿ ಹಿಡಿದು ನಿಂತಿದ್ದಾಗ, ಸೂತು ಎಂದರೆ ಹಿಂದಿಯಲ್ಲಿ ನೂಲು, ಖಾದಿ ಭಂಡಾರದಲ್ಲಿ ಕೇಳಿದ ಮಾತು ಎಂದು ಹೊಳೆಯಿತು. ನೂಲು! ನಮ್ಮಪ್ಪ ಮರಗೆಲಸದವರು. ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಲ್ಲಿ ಅದೇ ಮಾತು. "ಇನ್ನೊಂದು ನೂಲು ತೆಗೆಯೋ", "ಎರಡು ನೂಲು ಬಿಗಿ ಬಂತು ನೋಡು". ಇಂಚಿನ ಎಂಟನೇ ಪಾಲಿಗೆ ನಮ್ಮ ಕಡೆ ನೂಲು ಎನ್ನುತ್ತಾರೆ. ನಾನು ಆ ಮಾತು ಕೇಳುತ್ತ ಬೆಳೆದವನು. ಪುಸ್ತಕ ಅಚ್ಚಾದಾಗ ಅಪ್ಪ ಇನ್ನೂ ಇದ್ದರು. ಹಾಳೆ ಹಾಳೆ ತಿರುಗಿಸಿ, "ನನ್ ಕೆಲಸದ ಲೆಕ್ಕ ಒಂದೂ ಇಲ್ವಲ್ಲೋ" ಎಂದಿದ್ದರು. "ನಿಮ್ದೆಲ್ಲ ಅಂದಾಜಿನ ಲೆಕ್ಕ ಬಿಡಪ್ಪ" ಎಂದಿದ್ದೆ. ಬಡಗಿಯ ಮಗ ಎಂದು ಹೇಳಿಕೊಳ್ಳಲು ನಾಚಿ ಮಾವಿನಹಣ್ಣು ಎಣಿಸಿದವನು ನಾನು.

ಕಾಂದಿವಲಿ

ಸೋಮವಾರ ಬೆಳಿಗ್ಗೆ ವಾರಿಜಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು "ಎಂತ ಮಾಸ್ಟ್ರೇ ನೀವು! ನನಗೂ ಆ ಸೂತು ಗೊತ್ತಿರ್ಲಿಲ್ಲ, ಆದ್ರೆ ನಾನು ನಗ್ಲಿಲ್ಲ ಮಾರಾಯ್ರೇ" ಎಂದರು. ಮಾಟುಂಗಕ್ಕೇ ಬಂದು ಫಾರ್ಮನ್ನೂ ನಸೀಮಾ ಅವರ ಕಾರ್ಖಾನೆಯ ವಿಳಾಸವನ್ನೂ ಕೊಟ್ಟರು. ಅವರು ಜೊತೆಗೆ ತಂದಿದ್ದ ಪಟ್ಟಿಯಲ್ಲಿ ಹದಿನೈದನೆಯ ಹೆಸರು ಬರೆದೆ. ನನ್ನ ಊರಿನ ರೈಲು ಅವತ್ತೇ ಸಂಜೆ. ಬುಧವಾರ ಹಾಸನದಲ್ಲಿ ನನಗೊಂದು ಸನ್ಮಾನ ಇತ್ತು. ಯಾವುದಕ್ಕೆ ಎಂದು ಕೇಳಬೇಡಿ. ಬದುಕಿನ ಲೆಕ್ಕಗಳಿಗೆ.

ಮಾಟುಂಗ ರೋಡಿನಿಂದ ಕಾಂದಿವಲಿಗೆ ಹೋದೆ. ಯಾರಾದರೂ "ಉತರ್‌ನಾ" ಎಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಾಲಾಗಿ ಒಂದೇ ಥರದ ಬಾಗಿಲುಗಳು. ಎಲ್ಲ ಕಡೆಯಿಂದಲೂ ಲೋಹ ಕೊಯ್ಯುವ ಸದ್ದು. ಮೂರು ಸಲ ತಪ್ಪು ಬಾಗಿಲಿಗೆ ಹೋಗಿ, ನಾಲ್ಕನೆಯ ಬಾಗಿಲಲ್ಲಿ ನಸೀಮಾ ಸಿಕ್ಕರು. ಉದ್ದನೆಯ ಮೇಜಿನ ಮೇಲೆ ಗಾಜು ಹರವಿಕೊಂಡು, ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡು ನಿಂತಿದ್ದರು. ನನ್ನನ್ನು ನೋಡಿ ಗಾಬರಿಯಾದರು.

"ಯಾಕ್ರಿ ಸರ, ಮತ್ತೇನರೆ ತಪ್ಪಾತೇನ್ರಿ?"

ತಪ್ಪು ಯಾರದು, ಗಾಬರಿ ಯಾರಿಗೆ! "ತಪ್ಪು ನನ್ನದಮ್ಮ. ಸೂತು ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಕ್ಷಮಿಸಿ" ಎಂದೆ. ಅವರು ಬಣ್ಣದ ಡಬ್ಬಿಯೊಂದನ್ನು ಒರೆಸಿ ಕೂರಲು ಕೊಟ್ಟರು, ಚಹಾ ತರಿಸಿದರು.

"ಒಂದು ಕೇಳ್ಲಾ? ಸೂತೇನೋ ಸರಿ. ಆದ್ರೆ ಅರ್ಧ ಅಂದ್ರೆ ಇಪ್ಪತ್ತಮೂರು ತಾನೇ? ಎರಡು ಸೂತು ಯಾಕೆ ಕಡಿಮೆ ಬರೆದ್ರಿ?"

ನಸೀಮಾ ಮೊದಲ ಸಲ ನಕ್ಕರು. "ಇಪ್ಪತ್ಮೂರಕ್ಕ ಇಪ್ಪತ್ಮೂರು ಕೊಯ್ದ್ರ ಗ್ಲಾಸ್ ಕೂಡೂದಿಲ್ರಿ ಸರ. ಗ್ವಾಡಿ ಎಲ್ಲೀನೂ ಸೀದಾ ಇರೂದಿಲ್ಲ. ಮ್ಯಾಲ ಒಂದು ಮಾಪು, ನಡುವ ಒಂದು, ಕೆಳಗ ಒಂದು. ಮೂರರಾಗ ಸಣ್ಣದು ಹಿಡಿಬೇಕು, ಮತ್ತ ಎರಡ ಸೂತು ಬಿಡಬೇಕು. ಒತ್ತಿ ಕೂಡ್ಸಾಕ ಹೋದ್ರ ಒಡೀತದ. ನಿಮ್ಮ ಬುಕ್ಕಿನ ಲೆಕ್ಕಾ ಹಿಡದ್ರ ದಿನಾ ನಾಕ ಗ್ಲಾಸು ಹೋಗ್ತಾವು."

ಎಷ್ಟು ವರ್ಷದಿಂದ ಆ ಲೆಕ್ಕ ಮಾಡಿಸುತ್ತಿದ್ದೇನೆ! ಎಷ್ಟು ಮಕ್ಕಳ ಕೈಯಲ್ಲಿ ಕೂರದ ಗಾಜು ಕೊಯ್ಯಿಸಿದ್ದೇನೆ! ಒಬ್ಬರೂ ಕೇಳಲಿಲ್ಲ, ಕೇಳಿದ್ದರೂ ಕೂರಿಸಿಬಿಡುತ್ತಿದ್ದೆ.

ಫಾರ್ಮು ತೆಗೆದು ಕೊಟ್ಟೆ. ಪಟ್ಟಿಯಲ್ಲಿ ಹೆಸರು ಸೇರಿಸಿದ್ದೇನೆ, ಸಹಿ ಮಾಡಿ, ಐದು ಗಂಟೆಯೊಳಗೆ ವಾರಿಜಕ್ಕನಿಗೆ ತಲುಪಿಸುತ್ತೇನೆ ಎಂದೆ. ಅವರು ಅದನ್ನು ಓದಿದರು. ಮಡಿಸಿ ವಾಪಸು ನನ್ನ ಕೈಗೇ ಇಟ್ಟರು.

"ನಂಗ ಬೇಕಾಗೇ ಅದರಿ ಇದು. ಸೈಟಿಗೆ ಹೋಗಿ ಮಾಪು ತಗೊಳ್ಳಾಕಿ ನಾನು. ಕಾಗದದ ಮ್ಯಾಲ ಸಹಿ ಮಾತ್ರ ಇನ್ನೊಬ್ಬಾತಂದು, ಅವ ಹತ್ತನೇ ಪಾಸಾಗ್ಯಾನ ಅಂತ. ಆದ್ರ ಪಾಸಾಗಬೇಕಂದ್ರ ಆ ಕ್ಲಾಸಿಗೆ ಬರಬೇಕಲ್ರಿ. ಹ್ಯಾಂಗ ಬರ್ಲಿ? ನಿನ್ನೆ ಪಾವಟಿಗಿ ಇಳಿಯೂದ್ರಾಗ ನನ್ನ ಹೆಸರ ಬದಲಾಗಿತ್ತು. 'ಏ ಆರು ಸೋತು, ನಿಂದ್ರ' ಅಂತ ಮ್ಯಾಲಿಂದ ಕರದ್ರು."

"ನಾನು ಕ್ಷಮೆ ಕೇಳಿದೆನಲ್ಲಮ್ಮ."

"ಕೇಳಿದ್ರಿ, ನೀವು ದೊಡ್ಡವರು. ಆದ್ರ ನಕ್ಕಿದ್ದು ಭಾಂಡುಪಿನ್ಯಾಗ, ಮಾಫಿ ಕಾಂದಿವಲ್ಯಾಗ. ಇಲ್ಲಿ ಕೇಳಿದ್ದು ಅಲ್ಲಿ ಕೇಳಸ್ತದೇನ್ರಿ ಸರ?"

ದನಿಯಲ್ಲಿ ಸಿಟ್ಟಿರಲಿಲ್ಲ. ಗಾಜಿನ ಅಳತೆ ಹೇಳುವ ಹಾಗೇ ಹೇಳಿದರು. ನನ್ನ ತಲೆಯಲ್ಲಿ ಆಗ ಓಡಿದ್ದನ್ನೂ ಮುಚ್ಚಿಡುವುದಿಲ್ಲ. ರೈಲು ಸಂಜೆ. ಮುಂದಿನ ತರಗತಿ ಭಾನುವಾರ. ಬುಧವಾರ ಶಾಲು, ಹಾರ, ನಾಲ್ಕು ಜನರ ಭಾಷಣ. ಒಂದು ಪತ್ರ ಬರೆದು ಕೊಟ್ಟರೆ ವಾರಿಜಕ್ಕ ಓದಿ ಹೇಳಬಹುದಲ್ಲ ಎಂದು ಬಾಯಿಯ ತುದಿಯವರೆಗೂ ಬಂತು. ನಸೀಮಾ ಟೇಪು ಎಳೆದು, ಗಾಜಿನ ಮೇಲೆ, ನಡುವೆ, ಕೆಳಗೆ, ಮೂರು ಕಡೆ ಅಳೆದು ಗುರುತು ಹಾಕುತ್ತಿದ್ದರು. ಅದನ್ನು ನೋಡುತ್ತ ಪತ್ರದ ಮಾತು ಆಡಲು ನಾಲಗೆ ಏಳಲಿಲ್ಲ.

"ಇರ್ತೀನಮ್ಮ. ಭಾನುವಾರದವರೆಗೆ ಇರ್ತೀನಿ. ಎಲ್ಲರ ಮುಂದೆ ಹೇಳ್ತೀನಿ."

ಅವರು ನನ್ನ ಮುಖ ನೋಡಿದರು. ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ದುಂಡಗೆ ಸಹಿ ಮಾಡಿದರು. "ಸಹಿ ಮಾಡೀನ್ರಿ. ಬರೂದು ಬಿಡೂದು ಐತವಾರ ನೋಡೂಣು" ಎಂದರು.

ಮಾಟುಂಗ, ನಡುವಿನ ದಿನಗಳು

ಐದಕ್ಕೆ ಹತ್ತು ನಿಮಿಷವಿರುವಾಗ ಫಾರ್ಮು ತಲುಪಿತು. ಊರಿಗೆ ಫೋನು ಮಾಡಿ ಸನ್ಮಾನಕ್ಕೆ ಬರುವುದಿಲ್ಲ ಎಂದೆ. ಆರೋಗ್ಯ ಸರಿಯಿಲ್ಲ ಎಂದು ಸುಳ್ಳು ಹೇಳಿದೆ ಎಂಬುದನ್ನೂ ಬರೆದುಬಿಡುತ್ತೇನೆ. ನಾಚಿಕೆ ಬಂದ ಮಾತ್ರಕ್ಕೆ ಮನುಷ್ಯ ಒಂದೇ ದಿನದಲ್ಲಿ ನೆಟ್ಟಗಾಗಿಬಿಡುವುದಿಲ್ಲ. ಹೋಟೆಲಿನ ಹಿರಿಯರು ದಿನವೂ, "ಇನ್ನೂ ಹೋಗ್ಲಿಲ್ವಾ ಸಾರ್?" ಎಂದು ಕೇಳುತ್ತಿದ್ದರು. ಕೋಣೆಯಲ್ಲಿ ಕೂತು ನನ್ನ ಪುಸ್ತಕವನ್ನು ಮೊದಲಿನಿಂದ ಓದಿದೆ. ನಲ್ಲಿಗಳಿಗೆ ಒತ್ತಡವಿಲ್ಲ, ಗೋಡೆಗಳೆಲ್ಲ ನೇರ, ಕೂಲಿಯಾಳುಗಳಿಗೆ ದಣಿವಿಲ್ಲ. ಅದರಲ್ಲಿ ಯಾರೂ ಬದುಕಿರಲಿಲ್ಲ.

ಭಾಂಡುಪ್, ಎರಡನೆಯ ಭಾನುವಾರ

ಆ ಭಾನುವಾರ ಸರಿಯಾದ ಸ್ಟೇಷನ್ನಿನಲ್ಲೇ ಇಳಿದೆ. ತರಗತಿ ತುಂಬಿತ್ತು. ಕಿಟಕಿಯ ಹತ್ತಿರದ ಜಾಗ ಮಾತ್ರ ಖಾಲಿ. ಅರ್ಧ ಗಂಟೆ ಕಾದೆವು. ವಾರಿಜಕ್ಕ ಗಡಿಯಾರ ನೋಡಿ, "ಶುರು ಮಾಡಿ ಮಾಸ್ಟ್ರೇ, ಅವಳು ಬರುವ ಹಾಗೆ ಕಾಣುದಿಲ್ಲ" ಎಂದರು. ನನಗೆ ಒಳಗೊಳಗೇ ಸ್ವಲ್ಪ ನಿರಾಳವಾಯಿತು. ಅವರ ಎದುರು ಹೇಳುವುದು ತಪ್ಪಿತಲ್ಲ ಎಂದು! ಎಂಥ ಜನ್ಮ ನನ್ನದು.

ಬೋರ್ಡಿನ ಮೇಲೆ ದೊಡ್ಡದಾಗಿ "ಸೂತು" ಎಂದು ಬರೆದೆ. ಇದರ ಅರ್ಥ ಗೊತ್ತಿಲ್ಲದೆ, ಕೇಳುವ ಸೌಜನ್ಯವೂ ಇಲ್ಲದೆ, ಕಲಿಯಲು ಬಂದವರೊಬ್ಬರನ್ನು ನಿಮ್ಮ ಮುಂದೆ ಹೀಯಾಳಿಸಿದೆ ಎಂದೆ. ಅವರ ಉತ್ತರ ಸರಿ, ನನ್ನ ಪುಸ್ತಕದ್ದು ತಪ್ಪು ಎಂದೆ. ಮಲ್ಲಪ್ಪನವರ ನಲ್ಲಿಯ ಉತ್ತರವೂ ಸರಿ ಎಂದೆ. ಅಪ್ಪನ ಕೆಲಸ ಹೇಳಿದೆ, ನೂಲು ಹೇಳಿದೆ, ಪುಸ್ತಕ ನೋಡಿ ಅಪ್ಪ ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ನೀರು ಕುಡಿದೆ. ಯಾರೂ ನಗಲಿಲ್ಲ. ಮಲ್ಲಪ್ಪ ತಲೆ ತಗ್ಗಿಸಿಯೇ ಕೂತಿದ್ದರು.

"ಇನ್ನು ಮೇಲೆ ಯಾರೂ ಅವರನ್ನು ಆ ಹೆಸರಿನಿಂದ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ನಸೀಮಾ ನಿಂತಿದ್ದರು. ಓಡಿ ಬಂದಿದ್ದರು, ಏದುಸಿರು. ದುಪಟ್ಟಾದ ಮೇಲೆಲ್ಲ ಅಲ್ಯುಮಿನಿಯಮ್ಮಿನ ಪುಡಿ.

"ಮಾಫ್ ಮಾಡ್ರಿ ಸರ, ಮಾಲು ಕಳಸಿ ಬರೂದು ಲೇಟಾತು. ಎಲ್ಲಿತನಕ ಬಂದೀರಿ?"

"ಮುಗೀತಾ ಬಂತಮ್ಮ" ಎಂದೆ.

ಅವರು ಬೋರ್ಡು ನೋಡಿದರು, ತರಗತಿ ನೋಡಿದರು. ಕಿಟಕಿಯ ಹತ್ತಿರದ ತಮ್ಮ ಜಾಗಕ್ಕೆ ಹೋಗದೆ ಮೊದಲನೆಯ ಬೆಂಚಿಗೇ ಬಂದು, ಸರಿಯಿರಿ ಎಂದು ಬೆರಳಾಡಿಸಿ, ನಾಲ್ಕನೆಯವರಾಗಿ ಕೂತರು. ಪುಸ್ತಕ ತೆರೆದರು.

"ನಾ ಕೇಳಿಲ್ರಿ. ಮೊದಲಿಂದ ಹೇಳ್ರಿ ಸರ."

ಮೊದಲಿನಿಂದ ಹೇಳಿದೆ.